ಅನಿಲಗಳ ಚಲನ ಸಿದ್ಧಾಂತ ಮತ್ತು ಪ್ರವೇಶ ಪರೀಕ್ಷೆ: ವಿದ್ಯಾರ್ಥಿಗಳೊಂದಿಗೆ ಕೆಲವು ಮಾತು

(ಸಂಘದ ಶೈಕ್ಷಣಿಕ ಶಿಬಿರದಲ್ಲಿ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಇಂತಹ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡುತ್ತೇವೆ. ಇಬ್ನ್ ಸೀನಾ, ಅಲ್ ಖ್ವಾರಿಝ್ಮಿ, ಇಬ್ನುಲ್ ಹೈಥಮ್ ಇವರ ಹೆಸರುಗಳನ್ನು ಅಭಿಮಾನದಿಂದ ಸ್ಮರಿಸುತ್ತೇವೆ. ಅದು ತಪ್ಪಲ್ಲ. ಆದರೆ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಪರೀಕ್ಷಾ ಕೊಠಡಿಯೊಳಗೆ ಕುಳಿತಿರುವ ನಿಮಗೆ ಆ ಅಭಿಮಾನ ಒಂದು ಅಂಕವನ್ನೂ ತಂದುಕೊಡುವುದಿಲ್ಲ. ಅಲ್ಲಿ ಕೇಳುವುದು ಬೇರೆ ಪ್ರಶ್ನೆ. ಆದುದರಿಂದ ಇಂದು ನಾನು ಶಿಕ್ಷಣದ ಮಹತ್ವ ಎಂಬ ದೊಡ್ಡ ವಿಷಯವನ್ನು ಬದಿಗಿಟ್ಟು, ಪ್ರಥಮ ಪಿಯುಸಿ ಭೌತಶಾಸ್ತ್ರದ ಒಂದೇ ಒಂದು ಅಧ್ಯಾಯದ ಬಗ್ಗೆ ಮಾತನಾಡಬಯಸುತ್ತೇನೆ. ಅದು ಅನಿಲಗಳ ಚಲನ ಸಿದ್ಧಾಂತ, ಅಂದರೆ ನೀವು ಹೇಳುವ ಕೈನೆಟಿಕ್ ಥಿಯರಿ.

ಈ ಅಧ್ಯಾಯವನ್ನೇ ಏಕೆ ಆರಿಸಿಕೊಂಡೆ? ಎನ್‌ಸಿಇಆರ್‌ಟಿ ಪುಸ್ತಕದ ಎರಡನೇ ಭಾಗದಲ್ಲಿ ಥರ್ಮೋಡೈನಮಿಕ್ಸ್ ಮುಗಿದ ಮೇಲೆ, ಆಸಿಲೇಶನ್ಸ್ ಆರಂಭವಾಗುವ ಮೊದಲು ಇದು ಬರುತ್ತದೆ. ಆ ಹೊತ್ತಿಗೆ ವರ್ಷ ಮುಗಿಯುತ್ತಾ ಬಂದಿರುತ್ತದೆ. ಕಲಿಸುವವರಿಗೂ ಅವಸರ, ಕಲಿಯುವವರಿಗೂ ಅವಸರ. ಮೇಲಾಗಿ ಪುಟಗಳು ಕಡಿಮೆ, ಸೂತ್ರಗಳು ಹೆಚ್ಚು. ಆದುದರಿಂದ ಎಲ್ಲರೂ ಸೂತ್ರಗಳನ್ನು ಒಂದು ಹಾಳೆಯಲ್ಲಿ ಬರೆದು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಇದರಿಂದ ನೇರವಾಗಿ ಬರುವುದು ಸಾಮಾನ್ಯವಾಗಿ ಒಂದೋ ಎರಡೋ ಪ್ರಶ್ನೆಗಳು. ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 80 ನಿಮಿಷಗಳಲ್ಲಿ 60 ಪ್ರಶ್ನೆಗಳು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ನೀಟ್‌ನಲ್ಲಿ ಭೌತಶಾಸ್ತ್ರಕ್ಕೆ 45 ಪ್ರಶ್ನೆಗಳು. ಸರಿ ಉತ್ತರಕ್ಕೆ 4 ಅಂಕ, ತಪ್ಪು ಉತ್ತರಕ್ಕೆ ಇದ್ದದ್ದರಲ್ಲಿ 1 ಅಂಕ ಹೋಗುತ್ತದೆ. ಅಂದರೆ ಸರಿ ಮಾಡಬಹುದಾಗಿದ್ದ ಒಂದು ಪ್ರಶ್ನೆಯನ್ನು ತಪ್ಪು ಮಾಡಿದರೆ ನಿಮಗೂ ಸರಿ ಮಾಡಿದವನಿಗೂ 5 ಅಂಕಗಳ ಅಂತರ. ಆ ಅಂತರದೊಳಗೆ ಎಷ್ಟು ಸಾವಿರ ವಿದ್ಯಾರ್ಥಿಗಳು ನಿಂತಿರುತ್ತಾರೆಂಬುದು ರ‍್ಯಾಂಕ್ ಪಟ್ಟಿ ನೋಡಿದವರಿಗೆಲ್ಲ ಗೊತ್ತು.

ಇನ್ನೊಂದು ಕಾರಣವೂ ಇದೆ. ಅದು ನನ್ನದೇ ತಪ್ಪಿನ ಕಥೆ. ಸಂಕೋಚವಾದರೂ ಹೇಳುತ್ತೇನೆ.

ಹಲವು ವರ್ಷಗಳ ಹಿಂದೆ ಭಾನುವಾರದ ಉಚಿತ ತರಗತಿಗೆ ಒಬ್ಬ ಹುಡುಗಿ ಬರುತ್ತಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ತಂದೆಗೆ ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ. ಈ ಅಧ್ಯಾಯದ ಸೂತ್ರಗಳನ್ನೆಲ್ಲ ಬರೆದು ಅಡುಗೆ ಕೋಣೆಯ ಬಾಗಿಲಿನ ಹಿಂದೆ ಅಂಟಿಸಿದ್ದೇನೆ ಎಂದು ಹೇಳಿದ್ದಳು. ಒಂದು ದಿನ ನಾನು ಸೂತ್ರಗಳನ್ನು ಹಲಗೆಯ ಮೇಲೆ ಬರೆಯುತ್ತಾ ಹೋಗುತ್ತಿದ್ದಾಗ ಎದ್ದು ನಿಂತು, "ಸರ್, ಅಣು ಗೋಡೆಗೆ ಬಡಿದರೆ ಎಂ ವಿ ಅಂತ ಬರಬೇಕಲ್ಲ, ಎರಡು ಎಂ ವಿ ಯಾಕೆ?" ಎಂದು ಕೇಳಿದಳು. ಪರೀಕ್ಷೆಗೆ ಮೂರು ವಾರ ಉಳಿದಿತ್ತು. "ಅದೆಲ್ಲ ಈಗ ಬೇಡಮ್ಮ, ಪರೀಕ್ಷೆಗೆ ಸೂತ್ರ ಸಾಕು" ಎಂದು ನಾನು ಅವಳನ್ನು ಕೂರಿಸಿದೆ. ಆ ವರ್ಷ ಅವಳಿಗೆ ಸೀಟು ಸಿಗಲಿಲ್ಲ. ಅದಕ್ಕೆ ಒಂದು ಪ್ರಶ್ನೆಯೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಪರೀಕ್ಷೆಯ ನಂತರ ಅವಳು ಪ್ರಶ್ನೆಪತ್ರಿಕೆ ಹಿಡಿದು ಬಂದಾಗ ಈ ಅಧ್ಯಾಯದ ಪ್ರಶ್ನೆಯನ್ನು ನೋಡಿದೆ. ಸೂತ್ರ ಅವಳಿಗೆ ಬರುತ್ತಿತ್ತು. ಯಾವ ಸೂತ್ರವನ್ನು ಎಲ್ಲಿ ಹಾಕಬೇಕೆಂಬುದು ಗೊತ್ತಾಗಿರಲಿಲ್ಲ. ಆ ದಿನ ಅವಳ ಪ್ರಶ್ನೆಗೆ ಹತ್ತು ನಿಮಿಷ ಕೊಟ್ಟಿದ್ದರೆ ಇಡೀ ಅಧ್ಯಾಯ ಅವಳದಾಗುತ್ತಿತ್ತು. ಆ ಹತ್ತು ನಿಮಿಷವನ್ನು ಇವತ್ತು ನಿಮಗೆ ಕೊಡುತ್ತೇನೆ.

ಒಂದು ಘನಾಕೃತಿಯ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಿ. ಅದರೊಳಗೆ ಒಂದೇ ಒಂದು ಅಣು, ಎಡ ಗೋಡೆಯಿಂದ ಬಲ ಗೋಡೆಗೆ, ಬಲ ಗೋಡೆಯಿಂದ ಎಡ ಗೋಡೆಗೆ ಓಡಾಡುತ್ತಿದೆ. ನೀವೆಲ್ಲ ಕೇರಂ ಆಡಿದ್ದೀರಿ. ಸ್ಟ್ರೈಕರ್ ಅಂಚಿಗೆ ನೇರವಾಗಿ ಬಡಿದು ಹಿಂದಕ್ಕೆ ಬರುತ್ತದೆ. ಬಡಿದು ಅಲ್ಲೇ ನಿಂತುಬಿಟ್ಟಿದ್ದರೆ ಅದರ ಸಂವೇಗದಲ್ಲಿ ಆಗುವ ಬದಲಾವಣೆ ಎಂ ವಿ. ಆದರೆ ಅದು ನಿಲ್ಲುವುದಿಲ್ಲ. ಮೊದಲು ನಿಲ್ಲಬೇಕು, ಅದಕ್ಕೊಂದು ಎಂ ವಿ. ಮತ್ತೆ ಅಷ್ಟೇ ವೇಗದಲ್ಲಿ ಹಿಂದಿರುಗಬೇಕು, ಅದಕ್ಕೆ ಇನ್ನೊಂದು ಎಂ ವಿ. ಒಟ್ಟು ಎರಡು ಎಂ ವಿ. ಅವಳ ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು.

ಇನ್ನು, ಅದೇ ಅಣು ಅದೇ ಗೋಡೆಗೆ ಮತ್ತೆ ಬಡಿಯುವುದು ಯಾವಾಗ? ಎದುರಿನ ಗೋಡೆಯವರೆಗೆ ಹೋಗಿ ವಾಪಸು ಬಂದಾಗ. ಪೆಟ್ಟಿಗೆಯ ಉದ್ದದ ಎರಡರಷ್ಟು ದೂರ. ಆ ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತದೆ. ಸಂವೇಗದ ಬದಲಾವಣೆಯನ್ನು ಸಮಯದಿಂದ ಭಾಗಿಸಿದರೆ ಬಲ. ಇದು ನ್ಯೂಟನ್ನನ ಎರಡನೆಯ ನಿಯಮ. ಭಾಗಿಸಿ ನೋಡಿ: ಎರಡಕ್ಕೆ ಎರಡು ಹೋಗುತ್ತದೆ, ಎಂ ವಿ ವರ್ಗವನ್ನು ಉದ್ದದಿಂದ ಭಾಗಿಸಿದಷ್ಟು ಬಲ ಉಳಿಯುತ್ತದೆ. ಇಲ್ಲಿ ವೇಗಕ್ಕೆ ವರ್ಗ ಬಂದದ್ದು ಹೇಗೆಂದು ಗಮನಿಸಿದಿರಾ? ವೇಗ ಹೆಚ್ಚಾದರೆ ಅಣು ಜೋರಾಗಿ ಬಡಿಯುತ್ತದೆ. ಅಷ್ಟೇ ಅಲ್ಲ, ಬೇಗ ಬೇಗ ಬಡಿಯುತ್ತದೆ. ಈ ಎರಡೂ ಸೇರಿದ್ದರಿಂದ ವರ್ಗ. ಇದನ್ನು ಒಮ್ಮೆ ಅರ್ಥ ಮಾಡಿಕೊಂಡವನು ವೇಗದ ಮೇಲೆ ವರ್ಗದ ಗುರುತು ಹಾಕಲು ಯಾವತ್ತೂ ಮರೆಯುವುದಿಲ್ಲ.

ಬಲವನ್ನು ಗೋಡೆಯ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಕೆಳಗೆ ಉದ್ದದ ಘನ ಬರುತ್ತದೆ, ಅದು ಪೆಟ್ಟಿಗೆಯ ಗಾತ್ರ. ಈಗ ಒಂದು ಅಣುವಿನ ಬದಲು ಅಸಂಖ್ಯ ಅಣುಗಳನ್ನು ತುಂಬಿ. ಅವು ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಎಲ್ಲ ಕಡೆಯೂ ಓಡುತ್ತವೆ. ಯಾವ ದಿಕ್ಕಿಗೂ ವಿಶೇಷ ಸ್ಥಾನವಿಲ್ಲ. ಆದುದರಿಂದ ಮೂರರಲ್ಲಿ ಒಂದು ಪಾಲು ಮಾತ್ರ ನಮ್ಮ ಗೋಡೆಯ ಲೆಕ್ಕಕ್ಕೆ. ಹೀಗೆ ಒತ್ತಡ ಗುಣಿಸು ಗಾತ್ರ ಎಂದರೆ ಮೂರನೇ ಒಂದು ಗುಣಿಸು ಅಣುಗಳ ಸಂಖ್ಯೆ ಗುಣಿಸು ಒಂದು ಅಣುವಿನ ರಾಶಿ ಗುಣಿಸು ವೇಗದ ವರ್ಗಗಳ ಸರಾಸರಿ. ಇಡೀ ಅಧ್ಯಾಯದ ಬೇರು ಇದು. ಉಳಿದವೆಲ್ಲ ಕೊಂಬೆಗಳು.

ಪ್ರಯೋಗದಿಂದ ಸಿಕ್ಕ ಅನಿಲ ನಿಯಮ ನಿಮಗೆ ಗೊತ್ತಿದೆ: ಒತ್ತಡ ಗುಣಿಸು ಗಾತ್ರ ಎಂದರೆ ಅಣುಗಳ ಸಂಖ್ಯೆ ಗುಣಿಸು ಬೋಲ್ಟ್ಸ್‌ಮನ್ ಸ್ಥಿರಾಂಕ ಗುಣಿಸು ಕೆಲ್ವಿನ್ ತಾಪಮಾನ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಅಣುವಿನ ಸರಾಸರಿ ಚಲನ ಶಕ್ತಿಯು ಬೋಲ್ಟ್ಸ್‌ಮನ್ ಸ್ಥಿರಾಂಕ ಗುಣಿಸು ತಾಪಮಾನದ ಒಂದೂವರೆ ಪಾಲು ಎಂದು ತಾನಾಗಿಯೇ ಬರುತ್ತದೆ. ಇದರಲ್ಲಿ ಅಣುವಿನ ರಾಶಿ ಎಲ್ಲಿದೆ? ಇಲ್ಲ. ಆದುದರಿಂದ ಒಂದೇ ತಾಪಮಾನದಲ್ಲಿ ಹೈಡ್ರೋಜನ್ ಅಣುವಿನ ಸರಾಸರಿ ಚಲನ ಶಕ್ತಿಯೂ ಆಕ್ಸಿಜನ್ ಅಣುವಿನದ್ದೂ ಒಂದೇ. ಆದರೆ ವೇಗ ಒಂದೇ ಅಲ್ಲ. ಆಕ್ಸಿಜನ್ ಅಣು 16 ಪಟ್ಟು ಭಾರ, ಆದುದರಿಂದ ಹೈಡ್ರೋಜನ್ ಅದಕ್ಕಿಂತ 4 ಪಟ್ಟು ವೇಗವಾಗಿ ಓಡುತ್ತದೆ. 300 ಕೆಲ್ವಿನ್‌ನಲ್ಲಿ ಆಕ್ಸಿಜನ್ನಿನ ಆರ್‌ಎಂಎಸ್ ವೇಗ ಸೆಕೆಂಡಿಗೆ ಸುಮಾರು 484 ಮೀಟರ್, ಹೈಡ್ರೋಜನ್ನಿನದು ಸುಮಾರು 1934 ಮೀಟರ್. ಶಕ್ತಿ ಕೇಳಿದ್ದಾರೋ ವೇಗ ಕೇಳಿದ್ದಾರೋ ಎಂದು ನೋಡದೆ ಗುರುತು ಹಾಕುವವರು ಪ್ರತಿ ವರ್ಷವೂ ಇರುತ್ತಾರೆ. ನೀವು ಅವರಲ್ಲಿ ಒಬ್ಬರಾಗಬೇಡಿ.

ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದ ಮಕ್ಕಳಿಗೆ ಈ ಆರ್‌ಎಂಎಸ್, ಅಂದರೆ ರೂಟ್ ಮೀನ್ ಸ್ಕ್ವೇರ್ ಎಂಬ ಮಾತೇ ಭಯ ಹುಟ್ಟಿಸುತ್ತದೆ. ಭಯಪಡಬೇಡಿ. ಮದ್ರಸದಲ್ಲಿ ಅರಬಿ ಓದಲು ಕಲಿತ ನಮಗೆ ಇದು ಸುಲಭ. ಬಲದಿಂದ ಎಡಕ್ಕೆ ಓದಿ! ಮೊದಲು ಸ್ಕ್ವೇರ್, ಅಂದರೆ ಪ್ರತಿಯೊಂದು ವೇಗದ ವರ್ಗ ಮಾಡಿ. ನಂತರ ಮೀನ್, ಆ ವರ್ಗಗಳ ಸರಾಸರಿ ತೆಗೆಯಿರಿ. ಕೊನೆಗೆ ರೂಟ್, ವರ್ಗಮೂಲ ತೆಗೆಯಿರಿ. ಎರಡು ಅಣುಗಳ ವೇಗ 1 ಮತ್ತು 7 ಎಂದಿಟ್ಟುಕೊಳ್ಳಿ. ಸರಾಸರಿ ವೇಗ 4. ಆದರೆ ವರ್ಗಗಳು 1 ಮತ್ತು 49, ಅವುಗಳ ಸರಾಸರಿ 25, ವರ್ಗಮೂಲ 5. ಸರಾಸರಿಗಿಂತ ಆರ್‌ಎಂಎಸ್ ದೊಡ್ಡದು, ಏಕೆಂದರೆ ವರ್ಗ ಮಾಡಿದಾಗ ವೇಗವಾಗಿ ಓಡುವವನ ತೂಕ ಹೆಚ್ಚಾಗುತ್ತದೆ. ಅನಿಲದಲ್ಲಿ ಅತಿ ಸಂಭಾವ್ಯ ವೇಗ, ಸರಾಸರಿ ವೇಗ, ಆರ್‌ಎಂಎಸ್ ವೇಗ ಈ ಮೂರೂ 1.41, 1.60, 1.73 ಎಂಬ ಪ್ರಮಾಣದಲ್ಲಿರುತ್ತವೆ. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬ ಗೊಂದಲ ಇನ್ನು ನಿಮಗೆ ಬೇಡ.

ಇನ್ನು ತಾಪಮಾನದ ವಿಷಯ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಅನಿಲದ ಆರ್‌ಎಂಎಸ್ ವೇಗ ಎರಡು ಪಟ್ಟಾಗಬೇಕಾದರೆ ತಾಪಮಾನ ಎಷ್ಟಾಗಬೇಕು? ವೇಗದ ವರ್ಗ ತಾಪಮಾನಕ್ಕೆ ಅನುಪಾತದಲ್ಲಿದೆ, ಆದುದರಿಂದ ತಾಪಮಾನ ನಾಲ್ಕು ಪಟ್ಟು. ಇಲ್ಲಿಯವರೆಗೆ ಎಲ್ಲರೂ ಸರಿ. ಆಮೇಲೆ ಅವಸರದ ವಿದ್ಯಾರ್ಥಿ 27ನ್ನು 4ರಿಂದ ಗುಣಿಸಿ 108 ಎಂದು ಗುರುತು ಹಾಕುತ್ತಾನೆ. 108 ಆಯ್ಕೆಗಳಲ್ಲಿ ಇದ್ದೇ ಇರುತ್ತದೆ, ಏಕೆಂದರೆ ಪ್ರಶ್ನೆ ತೆಗೆಯುವವರಿಗೆ ನಮ್ಮ ತಪ್ಪುಗಳು ನಮಗಿಂತ ಚೆನ್ನಾಗಿ ಗೊತ್ತು. 27 ಡಿಗ್ರಿ ಎಂದರೆ 300 ಕೆಲ್ವಿನ್. ನಾಲ್ಕು ಪಟ್ಟು 1200 ಕೆಲ್ವಿನ್. ಅದು 927 ಡಿಗ್ರಿ ಸೆಲ್ಸಿಯಸ್. 1200 ಡಿಗ್ರಿ ಸೆಲ್ಸಿಯಸ್ ಎಂಬ ಆಯ್ಕೆಯೂ ಪಕ್ಕದಲ್ಲೇ ಇರಬಹುದು, ಜಾಗ್ರತೆ.

ಈಗ ಆ ಹುಡುಗಿಯ ತಂದೆಯ ಅಂಗಡಿಗೆ ಹೋಗೋಣ. ಫಲಿತಾಂಶ ಬಂದ ಕೆಲವು ತಿಂಗಳ ನಂತರ ದೂರದಿಂದ ಬರುತ್ತಿದ್ದವನು ಗಾಳಿ ನೋಡಿಸಲು ಅವರ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಅವರು ಟಯರನ್ನು ಕೈಯಲ್ಲಿ ಮುಟ್ಟಿ ನೋಡಿ, "ಮಾಷ್ಟ್ರೇ, ಟಯರು ಬಿಸಿ ಉಂಟು. ಈಗ ನೋಡಿದರೆ ಹೆಚ್ಚು ತೋರಿಸ್ತದೆ. ಬೆಳಿಗ್ಗೆ ತಣ್ಣಗಿರುವಾಗ ನೋಡ್ಬೇಕು" ಎಂದರು. ನಾನು ಕಾರಿನ ಪಕ್ಕದಲ್ಲಿ ಸುಮ್ಮನೆ ನಿಂತುಬಿಟ್ಟೆ. ಮಗಳಿಗೆ ನಾನು ಸೂತ್ರವಾಗಿ ಕೊಟ್ಟದ್ದನ್ನು ತಂದೆ ದಿನಾಲೂ ಕೈಯಿಂದ ಮುಟ್ಟಿ ತಿಳಿದಿದ್ದರು. ಆ ಅಧ್ಯಾಯ ಅವರ ಮನೆಯಲ್ಲೇ ಇತ್ತು. ಅದನ್ನು ಅವಳಿಗೆ ತೋರಿಸಿಕೊಡಬೇಕಾಗಿದ್ದವನು ನಾನು.

ಆ ಟಯರಿನ ಲೆಕ್ಕವನ್ನೇ ಮಾಡೋಣ. ಬೆಳಿಗ್ಗೆ 27 ಡಿಗ್ರಿಯಲ್ಲಿ ಮೀಟರ್ 30 ಪೌಂಡ್ ತೋರಿಸುತ್ತದೆ. ಓಡಿದ ಮೇಲೆ ಟಯರಿನೊಳಗಿನ ಗಾಳಿ 57 ಡಿಗ್ರಿಗೆ ಏರಿದೆ. ಟಯರಿನ ಗಾತ್ರ ಬದಲಾಗಿಲ್ಲ ಎಂದಿಟ್ಟುಕೊಂಡರೆ ಮೀಟರ್ ಎಷ್ಟು ತೋರಿಸುತ್ತದೆ? 300 ಕೆಲ್ವಿನ್‌ನಿಂದ 330 ಕೆಲ್ವಿನ್, ಅಂದರೆ ಹತ್ತನೇ ಒಂದು ಭಾಗ ಏರಿಕೆ. 30ಕ್ಕೆ 3 ಸೇರಿಸಿ 33 ಎನ್ನುತ್ತೀರಾ? ಅಲ್ಲ. ಮೀಟರ್ ತೋರಿಸುವುದು ಹೊರಗಿನ ವಾಯುಭಾರಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ. ಪಂಕ್ಚರ್ ಆದ ಟಯರಿನಲ್ಲೂ ಗಾಳಿ ಇರುತ್ತದೆ, ಆದರೂ ಮೀಟರ್ ಸೊನ್ನೆ ತೋರಿಸುತ್ತದೆ, ಅಲ್ಲವೇ? ವಾಯುಭಾರ ಸುಮಾರು 15 ಪೌಂಡ್. ಆದುದರಿಂದ ಒಳಗಿನ ನಿಜವಾದ ಒತ್ತಡ 45. ಅದರ ಹತ್ತನೇ ಒಂದು ಭಾಗ ಸೇರಿದರೆ 49.5. ಹೊರಗಿನ 15ನ್ನು ಕಳೆದರೆ ಮೀಟರಿನಲ್ಲಿ 34.5. ಪರೀಕ್ಷೆಯಲ್ಲಿ ಗೇಜ್ ಪ್ರೆಷರ್ ಎಂಬ ಪದ ಕಂಡಾಗ ಪಂಕ್ಚರ್ ಆದ ಟಯರನ್ನು ನೆನಪಿಸಿಕೊಳ್ಳಿ.

ಇನ್ನೊಂದು ಹಳೆಯ ಪ್ರಶ್ನೆ. ಗ್ಯಾಸ್ ಸಿಲಿಂಡರ್ ತುಂಬಿದ ಲಾರಿ ಒಂದೇ ವೇಗದಲ್ಲಿ ಓಡುತ್ತಿದೆ. ಸಿಲಿಂಡರಿನೊಳಗಿನ ಅನಿಲದ ತಾಪಮಾನ ಏನಾಗುತ್ತದೆ? ಅಣುಗಳ ವೇಗ ಹೆಚ್ಚಾಯಿತು, ಆದುದರಿಂದ ತಾಪಮಾನ ಏರಿತು ಎಂದು ಹೇಳಬೇಕೆನಿಸುತ್ತದೆ. ಆದರೆ ಇಲ್ಲ. ತಾಪಮಾನ ಅಳೆಯುವುದು ಅಣುಗಳು ಅಡ್ಡಾದಿಡ್ಡಿ ಓಡುವ ಓಟವನ್ನು, ಎಲ್ಲವೂ ಒಟ್ಟಾಗಿ ಒಂದೇ ದಿಕ್ಕಿಗೆ ಹೋಗುವ ಪ್ರಯಾಣವನ್ನಲ್ಲ. ತಾಪಮಾನ ಇದ್ದಷ್ಟೇ ಇರುತ್ತದೆ.

ಅನಿಲದ ಅಣುಗಳು ಅಷ್ಟು ವೇಗವಾಗಿ ಓಡುವುದಾದರೆ ಒಂದು ಸಂದೇಹ ಬರಬೇಕು. ಪೆರ್ನಾಳಿನ ದಿನ ಮಸೀದಿಯ ಮೊದಲ ಸಾಲಿನಲ್ಲಿ ಒಬ್ಬರು ಅತ್ತರ್ ಹಚ್ಚಿಕೊಳ್ಳುತ್ತಾರೆ. ಅತ್ತರಿನ ಭಾರವಾದ ಅಣುವಿಗೂ ಸೆಕೆಂಡಿಗೆ ನೂರು ಮೀಟರಿಗಿಂತ ಹೆಚ್ಚಿನ ವೇಗವಿದೆ. ಹಾಗಾದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಪರಿಮಳ ಕೊನೆಯ ಸಾಲಿಗೆ ತಲುಪಬೇಕಿತ್ತು. ತಲುಪುವುದಿಲ್ಲ. ಫ್ಯಾನ್ ಇಲ್ಲದಿದ್ದರೆ ಇನ್ನೂ ತಡ. ಇದೇ ಆಕ್ಷೇಪವನ್ನು ಡಚ್ ವಿಜ್ಞಾನಿ ಬೈಸ್ ಬಾಲೊ ಎತ್ತಿದರು. ಅದಕ್ಕೆ ಉತ್ತರವಾಗಿ 1858ರಲ್ಲಿ ಜರ್ಮನಿಯ ಕ್ಲೌಸಿಯಸ್ ಸರಾಸರಿ ಮುಕ್ತ ಪಥ ಎಂಬ ಕಲ್ಪನೆಯನ್ನು ಕೊಟ್ಟರು. ಅಣು ಓಡುವುದು ನಿಜ, ಆದರೆ ನೇರವಾಗಿ ಓಡಲು ಅದಕ್ಕೆ ದಾರಿ ಸಿಗುವುದಿಲ್ಲ. ಸಾಮಾನ್ಯ ಗಾಳಿಯಲ್ಲಿ ಒಂದು ಸೆಂಟಿಮೀಟರಿನ ಸುಮಾರು ಲಕ್ಷದಲ್ಲೊಂದು ಭಾಗ ಸಾಗುವಷ್ಟರಲ್ಲಿ ಇನ್ನೊಂದು ಅಣುವಿಗೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತದೆ. ಸೆಕೆಂಡಿಗೆ ನೂರಾರು ಕೋಟಿ ಡಿಕ್ಕಿಗಳು. ಪೇಟೆಯ ಜನಜಂಗುಳಿಯಲ್ಲಿ ನಡೆಯುವವನ ಸ್ಥಿತಿ. ಜನ ಹೆಚ್ಚಿದ್ದಷ್ಟು ಬಿಡುವಿನ ದಾರಿ ಕಡಿಮೆ, ಆದುದರಿಂದ ಅಣುಗಳ ಸಾಂದ್ರತೆ ಕೆಳಗೆ ಬರುತ್ತದೆ. ದಪ್ಪನೆಯ ಅಣುವಿಗೆ ಡಿಕ್ಕಿ ಹೆಚ್ಚು, ಆದುದರಿಂದ ವ್ಯಾಸದ ವರ್ಗವೂ ಕೆಳಗೆ ಬರುತ್ತದೆ. ಒಂದು ಅಸಾಮಾನ್ಯ ಸಿದ್ಧಾಂತಕ್ಕೆ ಒಂದು ಸಾಮಾನ್ಯ ಸಂದೇಹ ಹೊಸ ಅಧ್ಯಾಯವನ್ನೇ ಸೇರಿಸಿತು. ಸಂದೇಹ ಕೇಳುವ ವಿದ್ಯಾರ್ಥಿಯನ್ನು ಕೂರಿಸಬಾರದೆಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ.

ಇನ್ನು ಡಿಗ್ರೀಸ್ ಆಫ್ ಫ್ರೀಡಂ. ಶಕ್ತಿಯನ್ನು ಹಂಚುವ ವಿಷಯ ಇದು. ಅಣು ಎಷ್ಟು ಬಗೆಯಲ್ಲಿ ಚಲಿಸಬಹುದೋ ಅಷ್ಟು ಪಾಲುದಾರರು, ಎಲ್ಲರಿಗೂ ಸಮಪಾಲು. ಒಂದೇ ಪರಮಾಣುವಿನ ಹೀಲಿಯಂ ಮೂರು ದಿಕ್ಕಿಗೆ ಓಡುತ್ತದೆ, ಪಾಲು 3. ಎರಡು ಪರಮಾಣುಗಳ ಆಕ್ಸಿಜನ್ ಓಡುವುದಲ್ಲದೆ ಎರಡು ಬಗೆಯಲ್ಲಿ ತಿರುಗಲೂಬಹುದು, ಸಾಮಾನ್ಯ ತಾಪಮಾನದಲ್ಲಿ ಪಾಲು 5. ಎರಡು ವಿಶಿಷ್ಟ ಉಷ್ಣಗಳ ಅನುಪಾತವಾದ ಗ್ಯಾಮಾ ಎಂದರೆ 1ಕ್ಕೆ, 2ನ್ನು ಈ ಪಾಲಿನಿಂದ ಭಾಗಿಸಿ ಸೇರಿಸಿದ್ದು. ಹೀಲಿಯಂಗೆ 1.67, ಆಕ್ಸಿಜನ್‌ಗೆ 1.4. ಪಾಲು ಗೊತ್ತಿದ್ದರೆ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ.

ವಿದ್ಯಾರ್ಥಿಗಳೇ, ಈ ಸಿದ್ಧಾಂತದ ಚರಿತ್ರೆಯಲ್ಲಿ ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಘಟನೆಯಿದೆ. 1738ರಲ್ಲೇ ಡೇನಿಯಲ್ ಬರ್ನೂಲಿ, ಅನಿಲದ ಒತ್ತಡವೆಂದರೆ ಕಣಗಳ ಬಡಿತ ಎಂದು ಬರೆದಿದ್ದರು. ಬಹುಕಾಲ ಯಾರೂ ಗಮನ ಕೊಡಲಿಲ್ಲ. ನೂರು ವರ್ಷಗಳ ನಂತರ ಜಾನ್ ಜೇಮ್ಸ್ ವಾಟರ್‌ಸ್ಟನ್ ಎಂಬ ಸ್ಕಾಟ್ಲೆಂಡಿನವರು ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನೌಕಾ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಬಿಡುವಿನ ವೇಳೆಯಲ್ಲಿ ಅನಿಲಗಳ ಬಗ್ಗೆ ದೀರ್ಘ ಪ್ರಬಂಧವೊಂದನ್ನು ಬರೆದು 1845ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದರು. ತಾಪಮಾನ ಅಣುಗಳ ವೇಗದ ವರ್ಗಕ್ಕೆ ಅನುಪಾತದಲ್ಲಿದೆ ಎಂಬುದು ಅದರಲ್ಲಿತ್ತು. ಬೇರೆ ಬೇರೆ ಅನಿಲಗಳ ಅಣುಗಳಿಗೆ ಒಂದೇ ತಾಪಮಾನದಲ್ಲಿ ಒಂದೇ ಸರಾಸರಿ ಶಕ್ತಿ ಎಂಬುದೂ ಇತ್ತು. ಈಗ ಪ್ರಥಮ ಪಿಯುಸಿಯಲ್ಲಿ ನೀವು ಓದುವ ವಿಷಯವೇ ಅದು. ಪರಿಶೀಲಿಸಿದವರು ಅದು ಪ್ರಕಟಣೆಗೆ ಯೋಗ್ಯವಲ್ಲ ಎಂದು ತಳ್ಳಿಹಾಕಿದರು. ಹಸ್ತಪ್ರತಿ ಸೊಸೈಟಿಯ ಕಪಾಟಿನಲ್ಲೇ ಉಳಿಯಿತು. ಕ್ಲೌಸಿಯಸ್, ಮ್ಯಾಕ್ಸ್‌ವೆಲ್ ಇವರು ಇದೇ ದಾರಿಯಲ್ಲಿ ಸ್ವತಂತ್ರವಾಗಿ ನಡೆದು ಕೀರ್ತಿ ಪಡೆದರು. 1883ರಲ್ಲಿ ವಾಟರ್‌ಸ್ಟನ್ ಮನೆಯಿಂದ ಹೊರಟವರು ಹಿಂದಿರುಗಲಿಲ್ಲ. 1891ರಲ್ಲಿ ಲಾರ್ಡ್ ರೇಲಿ ಹಳೆಯ ಕಾಗದಗಳ ನಡುವೆ ಆ ಪ್ರಬಂಧವನ್ನು ಕಂಡು 1892ರಲ್ಲಿ ಪ್ರಕಟಿಸಿದರು. ಬರೆದು ನಲವತ್ತೇಳು ವರ್ಷಗಳ ನಂತರ.

ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಒಂದು ಪರೀಕ್ಷೆ ನಿಮ್ಮನ್ನು ತಿರಸ್ಕರಿಸಿದ ಮಾತ್ರಕ್ಕೆ ನೀವು ಕಲಿತದ್ದು ಸುಳ್ಳಾಗುವುದಿಲ್ಲ. ಅರ್ಥ ಮಾಡಿಕೊಂಡ ವಿದ್ಯೆ ಯಾವ ಕಪಾಟಿನಲ್ಲಿದ್ದರೂ ಕೊಳೆಯುವುದಿಲ್ಲ. ಬಾಯಿಪಾಠ ಮಾಡಿದ್ದು ಫಲಿತಾಂಶದ ದಿನವೇ ಮರೆತುಹೋಗುತ್ತದೆ.

ಈಗ ಓದುವ ಕ್ರಮದ ಬಗ್ಗೆ ಕೆಲವು ಸೂಚನೆಗಳು. ಮೊದಲನೆಯದಾಗಿ, ಪೆಟ್ಟಿಗೆಯ ಲೆಕ್ಕವನ್ನು ಪುಸ್ತಕ ಮುಚ್ಚಿ ಮೂರು ಸಲ, ಮೂರು ಬೇರೆ ಬೇರೆ ದಿನ ಬರೆಯಿರಿ. ಎಲ್ಲಿ ನಿಲ್ಲುತ್ತೀರೋ ಅಲ್ಲಿ ಮಾತ್ರ ಪುಸ್ತಕ ತೆರೆಯಿರಿ. ಎರಡನೆಯದಾಗಿ, ಸ್ಥಿರಾಂಕಗಳ ಸಂಬಂಧ ತಿಳಿದುಕೊಳ್ಳಿ. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಅನಿಲ ಸ್ಥಿರಾಂಕ 8.31 ಬರುತ್ತದೆ, ಒಂದು ಅಣುವಿನ ಲೆಕ್ಕಕ್ಕೆ ಮೊದಲನೆಯದು, ಒಂದು ಮೋಲಿನ ಲೆಕ್ಕಕ್ಕೆ ಕೊನೆಯದು. ಮೋಲಾರ್ ರಾಶಿಯನ್ನು ಕಿಲೋಗ್ರಾಂನಲ್ಲಿ ಹಾಕಿ: ಆಕ್ಸಿಜನ್ 32 ಅಲ್ಲ, 0.032. ಮೂರನೆಯದಾಗಿ, ಎರಡು ಸ್ಥಿತಿಗಳನ್ನು ಹೋಲಿಸುವ ಪ್ರಶ್ನೆಯಲ್ಲಿ ಸಂಖ್ಯೆಗಳನ್ನು ಹಾಕುವ ಮೊದಲು ಅನುಪಾತ ಬರೆಯಿರಿ. ಅರ್ಧಕ್ಕರ್ಧ ಲೆಕ್ಕ ಅಲ್ಲೇ ಹಾರಿಹೋಗುತ್ತದೆ. ನಾಲ್ಕನೆಯದಾಗಿ, ಅಧ್ಯಾಯ ಮುಗಿದ ಮೇಲೆ ಹಿಂದಿನ ವರ್ಷಗಳ ಸಿಇಟಿ, ನೀಟ್ ಪ್ರಶ್ನೆಗಳನ್ನು ಗಡಿಯಾರ ಎದುರಿಟ್ಟು ಮಾಡಿ. ಐದನೆಯದಾಗಿ, ತಪ್ಪುಗಳಿಗೆಂದೇ ಒಂದು ಪುಸ್ತಕ ಇಡಿ. ಸರಿ ಉತ್ತರವನ್ನಲ್ಲ, ಏಕೆ ತಪ್ಪಿದೆ ಎಂಬುದನ್ನು ಅದರಲ್ಲಿ ಬರೆಯಿರಿ: ಕೆಲ್ವಿನ್ ಮರೆತೆ, ವರ್ಗಮೂಲ ಮರೆತೆ, ಪ್ರಶ್ನೆ ಪೂರ್ತಿ ಓದಲಿಲ್ಲ. ಪರೀಕ್ಷೆಯ ಹಿಂದಿನ ದಿನ ಓದಬೇಕಾದ್ದು ಆ ಪುಸ್ತಕ ಮಾತ್ರ.

ಭಾಷೆಯ ಬಗ್ಗೆಯೂ ಒಂದು ಮಾತು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಉರ್ದುವಿನಲ್ಲೂ ಇರುತ್ತದೆ. ಯಾವ ಭಾಷೆಯಲ್ಲಿ ಬರೆಯಬೇಕೆಂಬುದು ನಿಮ್ಮ ಆಯ್ಕೆ. ಆದರೆ ಅರ್ಥ ಮಾಡಿಕೊಳ್ಳುವುದು ನಿಮ್ಮ ಮನೆಮಾತಿನಲ್ಲೇ ಆಗಲಿ. ಮನೆಗೆ ಹೋಗಿ ನಿಮ್ಮ ಉಮ್ಮನಿಗೋ ತಮ್ಮನಿಗೋ ಈ ಪೆಟ್ಟಿಗೆಯ ಕಥೆ ಹೇಳಿ. ಅವರಿಗೆ ಅರ್ಥವಾಗುವಂತೆ ಹೇಳಲು ಬಂದರೆ ನಿಮಗೆ ಅಧ್ಯಾಯ ಬಂದಿದೆ ಎಂದರ್ಥ.

ಹೆತ್ತವರಲ್ಲಿ ನನ್ನದೊಂದು ವಿನಂತಿ. ಸಾಲ ಮಾಡಿ ದೊಡ್ಡ ಕೋಚಿಂಗಿಗೆ ಸೇರಿಸುವ ಮೊದಲು ಮನೆಯಲ್ಲಿ ಮಗುವಿಗೆ ದಿನಕ್ಕೆ ಎರಡು ಗಂಟೆ ಸದ್ದಿಲ್ಲದ ಮೂಲೆಯೊಂದನ್ನು ಕೊಡಿ. ಮದುವೆ, ಸಮಾರಂಭ ಎಂದು ವಾರ ವಾರ ಎಳೆದುಕೊಂಡು ಹೋಗಬೇಡಿ. ಗಂಡು ಮಗ ಒಂದು ವರ್ಷ ಸೋತರೆ ಇನ್ನೊಂದು ವರ್ಷ ಕೊಡುವ ನಾವು, ಹೆಣ್ಣು ಮಗಳು ಸೋತಾಗ "ಇನ್ನು ಸಾಕು, ಸಂಬಂಧ ನೋಡೋಣ" ಎನ್ನುತ್ತೇವೆ. ಆ ಪಂಕ್ಚರ್ ಅಂಗಡಿಯ ತಂದೆಗೂ ಸುತ್ತಲಿನವರು ಅದನ್ನೇ ಹೇಳಿದ್ದರು. ಅಂದು ಗಾಳಿ ನೋಡಿಸಲು ನಿಂತಾಗ ಅವರು ನನ್ನನ್ನು ಕೇಳಿದ್ದು ಅದೇ ಪ್ರಶ್ನೆ: "ಮಾಷ್ಟ್ರೇ, ಇನ್ನೊಂದು ವರ್ಷ ಓದಿಸುವುದಾ, ಬಿಡುವುದಾ?" ತಪ್ಪು ಅವಳದಲ್ಲ, ನನ್ನದು ಎಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಓದಿಸಿ ಎಂದಷ್ಟೇ ಹೇಳಿದೆ. ಅವರು ಓದಿಸಿದರು.

ಮರುವರ್ಷ ಅವಳು ನನ್ನ ತರಗತಿಗೆ ಬಂದಾಗ ಮೊದಲ ದಿನ ಕೇರಂ ಬೋರ್ಡ್ ಇಟ್ಟು ಪಾಠ ಆರಂಭಿಸಿದೆ. ಅವಳಿಗೆ ವೈದ್ಯಕೀಯ ಸೀಟು ಎರಡನೆಯ ಸಲವೂ ಸಿಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಭೌತಶಾಸ್ತ್ರದ ಅಂಕ ಬಹಳ ಏರಿತ್ತು, ಅದಕ್ಕಿಂತ ಹೆಚ್ಚಾಗಿ ಭೌತಶಾಸ್ತ್ರದ ಭಯ ಹೋಗಿತ್ತು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಈಗ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಳೆ. ಕಳೆದ ಸಲ ಸಿಕ್ಕಾಗ, "ಸರ್, ನನ್ನ ಕ್ಲಾಸಿನಲ್ಲಿ ಯಾಕೆ ಅಂತ ಕೇಳಿದವರನ್ನು ಕೂರಿಸುವುದಿಲ್ಲ" ಎಂದು ನಗುತ್ತಾ ಹೇಳಿದಳು. ನನಗೆ ಕೊಟ್ಟ ಅಂಕ ಎಷ್ಟೆಂದು ನನಗೆ ಅರ್ಥವಾಯಿತು.

ಪ್ರೀತಿಯ ಮಕ್ಕಳೇ, ನಿಮ್ಮಲ್ಲಿ ಕೆಲವರಿಗೆ ಬಯಸಿದ ಸೀಟು ಸಿಗಬಹುದು, ಕೆಲವರಿಗೆ ಸಿಗದೆಯೂ ಇರಬಹುದು. ಪ್ರಯತ್ನ ನಮ್ಮದು, ಫಲ ಅಲ್ಲಾಹನ ಕೈಯಲ್ಲಿದೆ. ಆದರೆ ಅರ್ಥ ಮಾಡಿಕೊಳ್ಳದೆ ಒಂದು ಪುಟವನ್ನೂ ಮಗುಚುವುದಿಲ್ಲ ಎಂಬ ನಿರ್ಧಾರ ನಿಮ್ಮ ಕೈಯಲ್ಲಿದೆ. ಇವತ್ತು ರಾತ್ರಿಯೇ ಒಂದು ಹಾಳೆ ತೆಗೆದುಕೊಂಡು ಒಂದು ಪೆಟ್ಟಿಗೆ, ಅದರೊಳಗೆ ಒಂದು ಅಣು ಬರೆಯಿರಿ. ಎರಡು ಎಂ ವಿ ಯಾಕೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅಲ್ಲಿಂದ ಮುಂದಿನ ದಾರಿ ತಾನಾಗಿಯೇ ತೆರೆಯುತ್ತದೆ, ಇನ್ಶಾ ಅಲ್ಲಾಹ್.

ಉಪಕಾರಕ್ಕೆ ಬರುವ ವಿದ್ಯೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.